ಕ್ಯಾಮರಾದ ಮೆಮೊರಿ ಕಾರ್ಡು: ಅದರ ಒಳಗುಟ್ಟು ಮತ್ತು ಆಯ್ಕೆ

ಫಿಲ್ಮ್ ಸುರುಳಿಯನ್ನು ಬಳಸುವ ಕ್ಯಾಮರಾದಲ್ಲಿ ಒಂದೇ ವಸ್ತು ಎರಡು ಕೆಲಸಗಳನ್ನು ಮಾಡುತ್ತದೆ. ಮಸೂರದ ಮೂಲಕ ಬಂದ ಬೆಳಕನ್ನು ಹಿಡಿಯುವುದು ಸುರುಳಿಯ ಮೇಲೆ ಲೇಪಿಸಿರುವ ಬೆಳ್ಳಿಯ ಲವಣ. ಹಾಗೆ ಹಿಡಿದ ಚಿತ್ರವನ್ನು ವರ್ಷಾನುಗಟ್ಟಲೆ ಕಾಪಾಡುವುದೂ ಅದೇ ಸುರುಳಿ. ಡಿಜಿಟಲ್ ಕ್ಯಾಮರಾದಲ್ಲಿ ಈ ಎರಡು ಕೆಲಸಗಳೂ ಬೇರ್ಪಟ್ಟಿವೆ. ಬೆಳಕನ್ನು ಹಿಡಿದು ಸಂಖ್ಯೆಗಳನ್ನಾಗಿ ಮಾರ್ಪಡಿಸುವುದು ಸಂವೇದಕದ ಕೆಲಸ. ಆ ಸಂಖ್ಯೆಗಳನ್ನು ಕಾಪಾಡಿಕೊಂಡಿರುವುದು ಮೆಮೊರಿ ಕಾರ್ಡಿನ ಕೆಲಸ. ಕ್ಯಾಮರಾವನ್ನು ಕೊಳ್ಳುವಾಗ ಮಸೂರವನ್ನೂ ಸಂವೇದಕವನ್ನೂ ಕುರಿತು ಹತ್ತು ಮಂದಿಯನ್ನು ವಿಚಾರಿಸುವ ನಾವು, ಕಾರ್ಡನ್ನು ಮಾತ್ರ ಅಂಗಡಿಯವನು ಕೊಟ್ಟುದನ್ನು ಕೊಟ್ಟಂತೆ ತೆಗೆದುಕೊಂಡು ಬರುತ್ತೇವೆ. ಬಹಳವಾದರೆ ‘ಎಷ್ಟು ಜಿ.ಬಿ.?’ ಎಂದು ಕೇಳುತ್ತೇವೆ. ಕಾರ್ಡಿನ ಗುಣವನ್ನು ಅಳೆಯುವುದಕ್ಕೆ ಈ ಪ್ರಶ್ನೆಯೊಂದೇ ಸಾಲದು. ಅದು ಎಷ್ಟನ್ನು ಹಿಡಿಯಬಲ್ಲದು ಎಂಬುದಕ್ಕಿಂತಲೂ ಎಷ್ಟು ವೇಗದಿಂದ ಎಡೆಬಿಡದೆ ಬರೆದುಕೊಳ್ಳಬಲ್ಲದು, ಬರೆದುಕೊಂಡುದನ್ನು ಎಷ್ಟು ನಂಬಿಕೆಯಿಂದ ಹಿಂದಕ್ಕೆ ಕೊಡಬಲ್ಲದು ಎಂಬುವೇ ಮುಖ್ಯವಾದ ಪ್ರಶ್ನೆಗಳು. ಇವುಗಳಿಗೆ ಉತ್ತರ ತಿಳಿಯಬೇಕಾದರೆ ಕಾರ್ಡಿನ ಒಳಗೆ ನಡೆಯುವ ವ್ಯಾಪಾರವನ್ನು ಸ್ವಲ್ಪ ಅರಿತಿರಬೇಕು.

ಟೇಪಿನಿಂದ ಸಿಲಿಕಾನಿಗೆ

ಚಿತ್ರವನ್ನು ಬರೆದಿಡುವ ವೇಗದ ಸಮಸ್ಯೆಯು ಡಿಜಿಟಲ್ ಕ್ಯಾಮರಾದಷ್ಟೇ ಹಳೆಯದು. 1975ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಎಂಬಾತನು ಇಂಥ ಕ್ಯಾಮರಾವೊಂದನ್ನು ಮೊತ್ತಮೊದಲಿಗೆ ನಿರ್ಮಿಸಿದನು. ಅದರ ಚಿತ್ರದಲ್ಲಿದ್ದುದು ಸುಮಾರು ಹತ್ತು ಸಾವಿರ ಬಿಂದುಗಳು ಮಾತ್ರ. ಆದರೂ ಆ ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆದುಕೊಳ್ಳಲು 23 ಸೆಕೆಂಡುಗಳು ಬೇಕಾಗುತ್ತಿದ್ದುವು. ಇಂದಿನ ಸಾಧಾರಣ ಕ್ಯಾಮರಾದ ಚಿತ್ರದಲ್ಲಿ 2 ಕೋಟಿ 40 ಲಕ್ಷ ಬಿಂದುಗಳಿರುತ್ತವೆ. ಅಂಥ ಹತ್ತು ಚಿತ್ರಗಳನ್ನು ಒಂದೇ ಸೆಕೆಂಡಿನಲ್ಲಿ ತೆಗೆಯುವ ಕ್ಯಾಮರಾಗಳೂ ಉಂಟು. ಟೇಪು ಈ ಕೆಲಸಕ್ಕೆ ಎಂದಿಗೂ ಒದಗುವಂತಿರಲಿಲ್ಲ.

ಇದಕ್ಕೆ ಒದಗಿದುದು ಚಲಿಸುವ ಭಾಗವೊಂದೂ ಇಲ್ಲದ, ವಿದ್ಯುತ್ತನ್ನು ನಿಲ್ಲಿಸಿದರೂ ಬರೆಹವನ್ನು ಮರೆಯದ ಸಿಲಿಕಾನ್ ಸ್ಮೃತಿ. ಇದರ ಮೂಲಭಾವನೆಯನ್ನು 1967ರಲ್ಲಿ ಬೆಲ್ ಪ್ರಯೋಗಶಾಲೆಯ ಡಾವನ್ ಕಾಂಗ್ ಮತ್ತು ಸೈಮನ್ ಝೀ ಎಂಬ ವಿಜ್ಞಾನಿಗಳು ಮುಂದಿಟ್ಟರು. ಅದನ್ನು ಅಗ್ಗವೂ ದಟ್ಟವೂ ಆದ ರೂಪಕ್ಕೆ ತಂದವನು ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ. ಆತನ ಮೊದಲ ವಿನ್ಯಾಸವು 1984ರಲ್ಲಿಯೂ, ‘ನ್ಯಾಂಡ್’ ಎಂದು ಹೆಸರಾದ ಎರಡನೆಯ ವಿನ್ಯಾಸವು 1987ರಲ್ಲಿಯೂ ಪ್ರಕಟವಾದುವು. ಇಂದು ಎಲ್ಲ ಕ್ಯಾಮರಾ ಕಾರ್ಡುಗಳಲ್ಲಿರುವುದು ಈ ಎರಡನೆಯದೇ. ಇದರಲ್ಲಿ ಸಾವಿರಾರು ಅಕ್ಷರಗಳನ್ನು ಒಂದೊಂದಾಗಿ ಅಳಿಸದೆ ಒಂದೇ ಏಟಿಗೆ ಅಳಿಸಿಬಿಡಬಹುದು. ಆ ಅಳಿಸುವಿಕೆಯು ಕ್ಯಾಮರಾದ ಮಿಂಚುದೀಪವನ್ನು ನೆನಪಿಗೆ ತಂದುದರಿಂದ ಮಸುವೊಕನ ಸಹೋದ್ಯೋಗಿಯೊಬ್ಬನು ಇದಕ್ಕೆ ‘ಫ್ಲ್ಯಾಶ್’ ಎಂಬ ಹೆಸರನ್ನು ಸೂಚಿಸಿದನಂತೆ. ನಾವು ಇದನ್ನು ಮಿಂಚುಸ್ಮೃತಿ ಎಂದು ಕರೆಯೋಣ.

ಗೋಡೆಯನ್ನು ಹಾಯುವ ಎಲೆಕ್ಟ್ರಾನು

ಮಿಂಚುಸ್ಮೃತಿಯು ಕೋಟ್ಯಂತರ ಕೋಶಗಳ ಸಮೂಹ. ಒಂದೊಂದು ಕೋಶವೂ ಒಂದು ಟ್ರಾನ್ಸಿಸ್ಟರು. ಅದರ ತಳದಲ್ಲಿ ವಿದ್ಯುತ್ತು ಹರಿಯುವ ಸಿಲಿಕಾನಿನ ಕಾಲುವೆ. ಮೇಲ್ಗಡೆ ಆ ಹರಿವನ್ನು ಬಿಡುವ ಅಥವಾ ತಡೆಯುವ ನಿಯಂತ್ರಣದ್ವಾರ. ಸಾಮಾನ್ಯ ಟ್ರಾನ್ಸಿಸ್ಟರಿನಲ್ಲಿ ಇಷ್ಟೇ ಇರುವುದು. ಸ್ಮೃತಿಕೋಶದಲ್ಲಾದರೆ ಇವೆರಡರ ನಡುವೆ ಇನ್ನೊಂದು ಪುಟ್ಟ ಕೋಣೆಯಿದೆ. ಅದರ ಸುತ್ತಲೂ ಅವಾಹಕದ ಗೋಡೆ. ಒಳಗೆ ಹೋಗಲು ತಂತಿಯಾಗಲಿ ಬಾಗಿಲಾಗಲಿ ಇಲ್ಲ. ಈ ಕೋಣೆಯೊಳಗೆ ಕೆಲವು ಎಲೆಕ್ಟ್ರಾನುಗಳನ್ನು ಸೇರಿಸಿಬಿಟ್ಟರೆ ಅವುಗಳ ಋಣವಿದ್ಯುದಾವೇಶವು ಕೆಳಗಿನ ಕಾಲುವೆಯ ಹರಿವಿಗೆ ಅಡ್ಡಿಮಾಡುತ್ತದೆ. ಕೋಣೆ ಬರಿದಾಗಿದ್ದರೆ ಹರಿವು ಸರಾಗ. ಹರಿವು ಸರಾಗವಾಗಿದ್ದರೆ ‘ಒಂದು’, ತಡೆದಿದ್ದರೆ ‘ಸೊನ್ನೆ’. ಈ ಒಂದು ಸೊನ್ನೆಗಳ ಸಾಲೇ ನಮ್ಮ ಚಿತ್ರ.

ಬಾಗಿಲೇ ಇಲ್ಲದ ಕೋಣೆಯೊಳಕ್ಕೆ ಎಲೆಕ್ಟ್ರಾನು ಹೋಗುವುದಾದರೂ ಹೇಗೆ? ನಾವು ಗೋಡೆಗೆ ಎಸೆದ ಚೆಂಡು ಹಿಂದಕ್ಕೆ ಪುಟಿಯುತ್ತದೆಯೇ ಹೊರತು ಆಚೆಗೆ ಹೋಗುವುದಿಲ್ಲ. ಎಲೆಕ್ಟ್ರಾನಿನ ನಡತೆ ಬೇರೆ. ಕ್ವಾಂಟಂ ಸಿದ್ಧಾಂತದ ಪ್ರಕಾರ ಅದಕ್ಕೆ ತರಂಗಸ್ವಭಾವವೂ ಇರುವುದರಿಂದ, ಗೋಡೆಯು ಸಾಕಷ್ಟು ತೆಳುವಾಗಿದ್ದರೆ ಅದು ಆಚೆಯ ಮಗ್ಗುಲಲ್ಲಿ ಕಾಣಿಸಿಕೊಳ್ಳುವ ಸಂಭವವುಂಟು. ಇದಕ್ಕೆ ಸುರಂಗಪರಿಣಾಮವೆಂದು ಹೆಸರು. ಪ್ರಬಲವಾದ ವಿದ್ಯುತ್‌ಕ್ಷೇತ್ರದ ಸೆಳೆತದಿಂದ ಲೋಹದೊಳಗಿನ ಎಲೆಕ್ಟ್ರಾನುಗಳು ಹೀಗೆ ಹೊರಬೀಳುವುದನ್ನು 1928ರಲ್ಲಿಯೇ ಫೌಲರ್ ಮತ್ತು ನಾರ್ಡ್‌ಹೈಮ್ ಎಂಬುವರು ಗಣಿತದಿಂದ ವಿವರಿಸಿದ್ದರು. ನಮ್ಮ ಕೋಶದಲ್ಲಿ ನಡೆಯುವುದೂ ಅದೇ.

ಕೋಣೆಯ ಗೋಡೆಯ ದಪ್ಪ ಸುಮಾರು 10 ನ್ಯಾನೊಮೀಟರು, ಎಂದರೆ ತಲೆಗೂದಲಿನ ದಪ್ಪದ ಹಲವು ಸಾವಿರ ಭಾಗಗಳಲ್ಲಿ ಒಂದು. ಇದರ ಎರಡು ಮಗ್ಗುಲುಗಳಿಗೆ 10 ವೋಲ್ಟುಗಳ ವಿಭವಾಂತರವನ್ನು ಕೊಟ್ಟೆವೆಂದುಕೊಳ್ಳೋಣ. ಹತ್ತನ್ನು ಹತ್ತು ನ್ಯಾನೊಮೀಟರಿನಿಂದ ಭಾಗಿಸಿದರೆ ಮೀಟರಿಗೆ 100 ಕೋಟಿ ವೋಲ್ಟು ಬರುತ್ತದೆ! ಮೀಟರಿಗೆ ಸುಮಾರು 30 ಲಕ್ಷ ವೋಲ್ಟಾದರೆ ಗಾಳಿಯೇ ಸಿಡಿದು ಕಿಡಿ ಹಾರುತ್ತದೆ. ಇಲ್ಲಿರುವ ಕ್ಷೇತ್ರ ಅದರ ಮುನ್ನೂರು ಪಟ್ಟಿಗಿಂತಲೂ ಹೆಚ್ಚು. ಇಂಥ ಕ್ಷೇತ್ರದಲ್ಲಿ ಗೋಡೆಯ ತಲೆ ಒಂದು ಕಡೆಗೆ ಇಳಿಜಾರಾಗಿ, ಎಲೆಕ್ಟ್ರಾನು ಹಾಯಬೇಕಾದ ದಪ್ಪ ಇನ್ನೂ ಕಡಮೆಯಾಗುತ್ತದೆ. ಆಗ ಎಲೆಕ್ಟ್ರಾನುಗಳು ಗೋಡೆಯನ್ನು ಹಾದು ಕೋಣೆಯನ್ನು ಸೇರುತ್ತವೆ. ಕ್ಷೇತ್ರವನ್ನು ತೆಗೆದೊಡನೆ ಗೋಡೆ ಮತ್ತೆ ಗೋಡೆಯಾಗುತ್ತದೆ. ಒಳಗಿನವು ವರ್ಷಗಟ್ಟಲೆ ಸೆರೆಯಲ್ಲಿರುತ್ತವೆ. ಕ್ಷೇತ್ರದ ದಿಕ್ಕನ್ನು ತಿರುಗಿಸಿದರೆ ಕೋಣೆ ಬರಿದಾಗುತ್ತದೆ. ಇತ್ತೀಚಿನ ಕಾರ್ಡುಗಳಲ್ಲಿ ಈ ಕೋಶಗಳನ್ನು ನೂರಕ್ಕೂ ಮಿಕ್ಕ ಅಂತಸ್ತುಗಳಲ್ಲಿ ಒಂದರ ಮೇಲೊಂದು ಕಟ್ಟುತ್ತಾರೆ. ಅನೇಕವುಗಳಲ್ಲಿ ಕೋಣೆಯ ಬದಲು ಸಿಲಿಕಾನ್ ನೈಟ್ರೈಡಿನ ಪೊರೆಯು ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತದೆ. ತತ್ತ್ವ ಮಾತ್ರ ಒಂದೇ.

ಓದು ಸುಲಭ, ಬರೆಹ ಕಷ್ಟ

ಈ ರಚನೆಯಿಂದ ಮೂರು ಸಂಗತಿಗಳು ತಾವಾಗಿಯೇ ಹೊರಡುತ್ತವೆ. ಕಾರ್ಡಿನ ಆಯ್ಕೆಯೆಲ್ಲವೂ ಇವುಗಳ ಮೇಲೆ ನಿಂತಿದೆ.

ಮೊದಲನೆಯದು: ಓದುವುದು ಬೇಗ, ಬರೆಯುವುದು ನಿಧಾನ. ಓದುವಾಗ ಕಾಲುವೆಯಲ್ಲಿ ಹರಿವಿದೆಯೇ ಎಂದು ನೋಡಿದರೆ ಸಾಕು. ಬರೆಯುವಾಗಲಾದರೋ ಎಲೆಕ್ಟ್ರಾನುಗಳನ್ನು ಸ್ವಲ್ಪ ಸ್ವಲ್ಪವಾಗಿ ತಳ್ಳಿ, ಪ್ರತಿಸಲವೂ ಅಳತೆ ಸರಿಹೋಯಿತೇ ಎಂದು ಪರೀಕ್ಷಿಸಿ, ಮತ್ತೆ ತಳ್ಳಬೇಕು. ಅಳಿಸುವುದು ಇನ್ನೂ ನಿಧಾನ. ಸಾಲದುದಕ್ಕೆ, ಬರೆಯುವುದನ್ನು ಪುಟಪುಟವಾಗಿ ಮಾಡಬಹುದಾದರೂ ಅಳಿಸುವುದನ್ನು ನೂರಾರು ಪುಟಗಳ ಕಟ್ಟುಕಟ್ಟಾಗಿಯೇ ಮಾಡಬೇಕು. ಹಳೆಯ ಬರೆಹದ ಮೇಲೆಯೇ ಹೊಸದನ್ನು ಬರೆಯುವಂತಿಲ್ಲ.

ಎರಡನೆಯದು: ಗೋಡೆ ಸವೆಯುತ್ತದೆ. ಎಲೆಕ್ಟ್ರಾನುಗಳು ಹಾದುಹೋದಷ್ಟು ಸಲವೂ ಅವಾಹಕದಲ್ಲಿ ಸೂಕ್ಷ್ಮವಾದ ಕುಂದುಗಳು ಉಳಿಯುತ್ತವೆ. ಕೋಶಕ್ಕೆ ಒಂದೇ ಅಂಕಿಯನ್ನು ಬರೆಯುವ ಕಾರ್ಡು ಸುಮಾರು ಲಕ್ಷ ಸಲ ಬರೆದಳಿಸುವುದನ್ನು ತಾಳಬಲ್ಲದು. ಆದರೆ ಬೆಲೆಯನ್ನು ತಗ್ಗಿಸುವ ಸಲುವಾಗಿ ತಯಾರಕರು ಒಂದೇ ಕೋಶದಲ್ಲಿ ಮೂರು ನಾಲ್ಕು ಅಂಕಿಗಳನ್ನು ತುಂಬುತ್ತಾರೆ. ಮೂರು ಅಂಕಿಗಳನ್ನು ತುಂಬಬೇಕಾದರೆ ಎಲೆಕ್ಟ್ರಾನುಗಳ ಪ್ರಮಾಣದಲ್ಲಿ ಎಂಟು ಮಟ್ಟಗಳನ್ನೂ, ನಾಲ್ಕನ್ನು ತುಂಬಬೇಕಾದರೆ ಹದಿನಾರು ಮಟ್ಟಗಳನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ಮಟ್ಟಗಳು ಒತ್ತೊತ್ತಾದಂತೆ ಬರೆಯುವ ವೇಗ ಕುಗ್ಗುತ್ತದೆ, ತಾಳಿಕೆ ಕೆಲವು ಸಾವಿರ ಅಥವಾ ಅದಕ್ಕೂ ಕಡಮೆಗೆ ಇಳಿಯುತ್ತದೆ. ಹವ್ಯಾಸಿಯು ಇದರಿಂದ ಹೆದರಬೇಕಾಗಿಲ್ಲ. ವಾರಕ್ಕೊಮ್ಮೆ ಕಾರ್ಡನ್ನು ಪೂರ್ತಿ ತುಂಬಿ ಅಳಿಸಿದರೂ ವರ್ಷಕ್ಕೆ ಆಗುವುದು 52 ಸಲ. ಸಾವಿರ ಸಲವೆಂದರೆ ಹತ್ತೊಂಬತ್ತು ವರ್ಷಗಳಿಗೂ ಮೀರಿದ ಆಯುಷ್ಯ. ಹಗಲಿರುಳೂ ಬರೆಯುತ್ತಲೇ ಇರುವ ಕಾವಲು ಕ್ಯಾಮರಾಗಳ ಮಾತು ಬೇರೆ. ಅವುಗಳಿಗೆಂದೇ ಹೆಚ್ಚು ತಾಳಿಕೆಯ ಕಾರ್ಡುಗಳುಂಟು.

ಮೂರನೆಯದು: ಕಾರ್ಡೆಂದರೆ ಬರಿಯ ಉಗ್ರಾಣವಲ್ಲ, ಅದರಲ್ಲೊಬ್ಬ ಪಾರುಪತ್ಯಗಾರನೂ ಇದ್ದಾನೆ. ಯಾವ ಕಟ್ಟಿನಲ್ಲಿ ಬರೆಯಬೇಕು, ಯಾವುದು ಕೆಟ್ಟಿದೆ, ಓದಿದುದರಲ್ಲಿ ಯಾವ ಅಂಕಿ ತಪ್ಪಿದೆ ಎಂಬುದನ್ನೆಲ್ಲ ನೋಡಿಕೊಂಡು, ಸವೆತವನ್ನು ಎಲ್ಲ ಕಟ್ಟುಗಳಿಗೂ ಸಮನಾಗಿ ಹಂಚುವ ಪುಟ್ಟ ನಿಯಂತ್ರಕವೊಂದು ಸ್ಮೃತಿಯ ಪಕ್ಕದಲ್ಲಿದೆ. ಕಾರ್ಡಿನ ಗುಣಾವಗುಣಗಳಲ್ಲಿ ಅರ್ಧಪಾಲು ಈ ನಿಯಂತ್ರಕದ ಗುಣಾವಗುಣ.

ಮುಖದ ಮೇಲಿನ ಬರೆಹ

ಇನ್ನು ಕಾರ್ಡನ್ನು ಕೈಗೆ ತೆಗೆದುಕೊಂಡು ನೋಡೋಣ. 1999ರಲ್ಲಿ ಮೂರು ಸಂಸ್ಥೆಗಳು ಕೂಡಿ ಪ್ರಕಟಿಸಿದ ‘ಎಸ್‌ಡಿ’ ಮಾದರಿಯೇ ಇಂದು ಹೆಚ್ಚು ಬಳಕೆಯಲ್ಲಿದೆ. ಉದ್ದ 32, ಅಗಲ 24, ದಪ್ಪ 2.1 ಮಿಲಿಮೀಟರು. ಹೆಚ್ಚು ಬೆಲೆಯ ಕೆಲವು ಕ್ಯಾಮರಾಗಳು ಇನ್ನೂ ವೇಗವಾದ ‘ಸಿಎಫ್‌ಎಕ್ಸ್‌ಪ್ರೆಸ್’ ಮಾದರಿಯನ್ನು ಕೇಳುತ್ತವೆ. ನಿಮ್ಮ ಕ್ಯಾಮರಾಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ಅದರೊಡನೆ ಬಂದ ಕೈಪಿಡಿಯಲ್ಲಿ ಮೊದಲು ನೋಡಿಕೊಳ್ಳಬೇಕು.

ಎಸ್‌ಡಿ ಕಾರ್ಡುಗಳಲ್ಲಿ ಗಾತ್ರಕ್ಕೆ ಅನುಸಾರವಾಗಿ ಪಂಗಡಗಳಿವೆ. 2 ಗಿಗಾಬೈಟಿನವರೆಗೆ ಬರಿಯ ಎಸ್‌ಡಿ. 2ಕ್ಕೆ ಮೇಲ್ಪಟ್ಟು 32ರವರೆಗೆ ಎಸ್‌ಡಿಎಚ್‌ಸಿ. ಅಲ್ಲಿಂದ ಮುಂದಕ್ಕೆ 2 ಟೆರಾಬೈಟಿನವರೆಗೆ ಎಸ್‌ಡಿಎಕ್ಸ್‌ಸಿ. ಕೊನೆಯ ಪಂಗಡವು ಬಂದುದು 2009ರಲ್ಲಿ. ಅದಕ್ಕೆ ಹಿಂದಿನ ಕ್ಯಾಮರಾಕ್ಕೆ 64 ಗಿಗಾಬೈಟಿನ ಕಾರ್ಡನ್ನು ಕೊಂಡು ತಂದರೆ ಹಣ ದಂಡವಾಗುವ ಸಂಭವವೇ ಹೆಚ್ಚು. ಇನ್ನೊಂದು ಮಾತು: 64 ಎಂದು ಬರೆದ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ 59.6 ಎಂದು ತೋರಿಸುವುದುಂಟು. ಇದು ಮೋಸವಲ್ಲ. ತಯಾರಕನು 100 ಕೋಟಿ ಬೈಟುಗಳನ್ನು ಒಂದು ಗಿಗಾಬೈಟೆಂದು ಎಣಿಸುತ್ತಾನೆ. ಅನೇಕ ಕಂಪ್ಯೂಟರುಗಳು ಎರಡರ ಮೂವತ್ತನೆಯ ಘಾತವನ್ನು, ಎಂದರೆ ಸುಮಾರು 107 ಕೋಟಿಯನ್ನು, ಒಂದೆಂದು ಎಣಿಸುತ್ತವೆ.

ಎಲ್ಲಕ್ಕಿಂತ ದಪ್ಪವಾದ ಅಕ್ಷರಗಳಲ್ಲಿ ‘ಸೆಕೆಂಡಿಗೆ 150’ ಅಥವಾ ‘200 ಮೆಗಾಬೈಟು’ ಎಂದು ಮುದ್ರಿಸಿರುತ್ತಾರೆ. ಮೋಸಹೋಗುವುದು ಇಲ್ಲಿಯೇ. ಅದು ಸಾಮಾನ್ಯವಾಗಿ ಓದುವ ವೇಗ; ಅದೂ ಅತ್ಯುತ್ತಮ ಪರಿಸ್ಥಿತಿಯಲ್ಲಿ ಮುಟ್ಟಬಹುದಾದ ಗರಿಷ್ಠ ವೇಗ. ಓದುವುದು ಸುಲಭವೆಂಬುದನ್ನು ಈಗಾಗಲೇ ಕಂಡೆವಷ್ಟೆ. ಅದೂ ಅಲ್ಲದೆ, ರೋಮನ್ ಅಂಕಿ ಒಂದನ್ನು ಹೊತ್ತ ‘ಯುಎಚ್‌ಎಸ್’ ಕಾರ್ಡುಗಳ ಸಂಪರ್ಕಮಾರ್ಗದ ನಿಯಮಿತ ಮಿತಿಯೇ ಸೆಕೆಂಡಿಗೆ 104 ಮೆಗಾಬೈಟು. ಅದನ್ನು ಮೀರಿದ ವೇಗ ಆಯಾ ಸಂಸ್ಥೆಯ ವಿಶೇಷ ಓದುಗ ಸಾಧನದಲ್ಲಿ ದೊರೆತೀತೇ ಹೊರತು ಕ್ಯಾಮರಾದಲ್ಲಿ ದೊರೆಯುವುದಿಲ್ಲ. ರೋಮನ್ ಅಂಕಿ ಎರಡುಳ್ಳವುಗಳಿಗೆ ಬೆನ್ನಿನಲ್ಲಿ ಸಂಪರ್ಕಬಿಂದುಗಳ ಎರಡನೆಯ ಸಾಲಿರುತ್ತದೆ. ಅವುಗಳ ಮಿತಿ 312. ಕ್ಯಾಮರಾದಲ್ಲಿಯೂ ಎರಡನೆಯ ಸಾಲು ಇದ್ದರೆ ಮಾತ್ರ ಇದರಿಂದ ಪ್ರಯೋಜನ.

ನಾವು ಹುಡುಕಬೇಕಾದುದು ಸಣ್ಣ ಚಿಹ್ನೆಗಳನ್ನು. ‘ಸಿ’ ಅಕ್ಷರದೊಳಗೆ 10 ಎಂದಿದ್ದರೆ ಬರೆಯುವ ಕನಿಷ್ಠ ವೇಗ ಸೆಕೆಂಡಿಗೆ 10 ಮೆಗಾಬೈಟು. ‘ಯು’ ಅಕ್ಷರದೊಳಗೆ 1 ಎಂದಿದ್ದರೆ 10, 3 ಎಂದಿದ್ದರೆ 30. ‘ವಿ’ ಅಕ್ಷರದ ಮುಂದೆ 30, 60, 90 ಎಂದಿದ್ದರೆ ಕ್ರಮವಾಗಿ ಅಷ್ಟಷ್ಟೇ ಮೆಗಾಬೈಟುಗಳು. ಇವು ‘ಇಷ್ಟರವರೆಗೆ ಏರಬಹುದು’ ಎಂಬ ಹೊಗಳಿಕೆಗಳಲ್ಲ. ‘ಇದಕ್ಕಿಂತ ಕೆಳಗೆ ಇಳಿಯಬಾರದು’ ಎಂಬ ಕಟ್ಟುಪಾಡುಗಳು. ‘ಎ1’, ‘ಎ2’ ಎಂಬ ಚಿಹ್ನೆಗಳು ದೂರವಾಣಿಯಲ್ಲಿ ಕಿರುತಂತ್ರಾಂಶಗಳನ್ನು ನಡೆಸುವವರಿಗೆ ಬೇಕಾದುವು. ಕ್ಯಾಮರಾದವರು ಅವುಗಳಿಗಾಗಿ ಹೆಚ್ಚು ಹಣವನ್ನು ತೆರಬೇಕಾಗಿಲ್ಲ.

ನಮ್ಮ ಅಗತ್ಯದ ಲೆಕ್ಕ

ಎಷ್ಟು ವೇಗ ಬೇಕೆಂಬುದನ್ನು ಯಾರನ್ನೂ ಕೇಳದೆ ನಾವೇ ಲೆಕ್ಕಹಾಕಬಹುದು. 2 ಕೋಟಿ 40 ಲಕ್ಷ ಬಿಂದುಗಳ ಕ್ಯಾಮರಾದಲ್ಲಿ ‘ಜೆಪೆಗ್’ ರೀತಿಯಲ್ಲಿ ಅಡಕಮಾಡಿದ ಚಿತ್ರಕ್ಕೆ 10 ಮೆಗಾಬೈಟೆಂದೂ, ಸಂವೇದಕದ ಅಂಕಿಗಳನ್ನೆಲ್ಲ ಉಳಿಸಿಕೊಂಡ ‘ರಾ’ ಚಿತ್ರಕ್ಕೆ 25 ಮೆಗಾಬೈಟೆಂದೂ ಇಟ್ಟುಕೊಳ್ಳೋಣ. ಪ್ರವಾಸದಲ್ಲಿ ಗುಡಿಗೋಪುರಗಳನ್ನೂ ಗೆಳೆಯರನ್ನೂ ತೆಗೆಯುವವನು ಎರಡು ಸೆಕೆಂಡಿಗೊಂದು ಜೆಪೆಗ್ ಚಿತ್ರವನ್ನು ತೆಗೆದರೂ ಸೆಕೆಂಡಿಗೆ 5 ಮೆಗಾಬೈಟಾಯಿತು. ಅವನಿಗೆ ‘ಸಿ’ 10ರ ಕಾರ್ಡು ಧಾರಾಳವಾಗಿ ಸಾಕು. 64 ಗಿಗಾಬೈಟಿನಲ್ಲಿ ಅಂಥ 6,400 ಚಿತ್ರಗಳು ಹಿಡಿಸುತ್ತವೆ.

ಚಲಚ್ಚಿತ್ರವನ್ನು ತೆಗೆಯುವವನು ಕ್ಯಾಮರಾದ ಕೈಪಿಡಿಯಲ್ಲಿ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬುದನ್ನು ನೋಡಿ ಎಂಟರಿಂದ ಭಾಗಿಸಬೇಕು. ಎಂಟು ಬಿಟ್ಟುಗಳಿಗೆ ಒಂದು ಬೈಟು. 100 ಮೆಗಾಬಿಟ್ ಎಂದಿದ್ದರೆ 12.5 ಮೆಗಾಬೈಟು. ‘ವಿ’ 30ರ ಕಾರ್ಡಿಗೆ ಇದು ಹಗುರವಾದ ಕೆಲಸ. 64 ಗಿಗಾಬೈಟಿನಲ್ಲಿ ಸುಮಾರು 85 ನಿಮಿಷಗಳ ಚಿತ್ರ ಹಿಡಿಸುತ್ತದೆ. 400 ಮೆಗಾಬಿಟ್ ಎಂದಿದ್ದರೆ 50 ಮೆಗಾಬೈಟು. ಆಗ ‘ವಿ’ 60 ಬೇಕು. ಇಲ್ಲಿ ಗರಿಷ್ಠ ವೇಗದಿಂದ ಉಪಯೋಗವಿಲ್ಲ. ನಡುವೆ ಒಂದು ಗಳಿಗೆ ವೇಗ ಕುಸಿದರೂ ಕ್ಯಾಮರಾ ಚಿತ್ರೀಕರಣವನ್ನು ನಿಲ್ಲಿಸಿಬಿಡಬಹುದು.

ರಂಗನತಿಟ್ಟಿನಲ್ಲಿ ಮಿಂಚುಳ್ಳಿಯು ನೀರಿಗೆ ಎರಗುವುದನ್ನು ಹಿಡಿಯಲು ಕಾದು ಕುಳಿತವನ ಲೆಕ್ಕ ಇನ್ನೂ ಸ್ವಾರಸ್ಯವಾದುದು. ಸೆಕೆಂಡಿಗೆ ಹತ್ತು ರಾ ಚಿತ್ರಗಳೆಂದರೆ 250 ಮೆಗಾಬೈಟು. ಕಾರ್ಡು ಇಷ್ಟನ್ನು ನುಂಗಲಾರದಾದುದರಿಂದ ಕ್ಯಾಮರಾದೊಳಗೆ ಒಂದು ತೊಟ್ಟಿಯಿರುತ್ತದೆ. ಚಿತ್ರಗಳು ಮೊದಲು ಅದರಲ್ಲಿ ತುಂಬಿ, ಅಲ್ಲಿಂದ ಕಾರ್ಡಿಗೆ ಇಳಿಯುತ್ತವೆ. ತೊಟ್ಟಿಯು 1,000 ಮೆಗಾಬೈಟನ್ನು ಹಿಡಿಯಬಲ್ಲದೆಂದು ಭಾವಿಸೋಣ. ಸೆಕೆಂಡಿಗೆ 30 ಬರೆಯುವ ಕಾರ್ಡಿದ್ದರೆ ತೊಟ್ಟಿ ನಾಲ್ಕೂವರೆ ಸೆಕೆಂಡುಗಳಲ್ಲಿ ತುಂಬುತ್ತದೆ; 80 ಬರೆಯುವ ಕಾರ್ಡಿದ್ದರೆ ಸುಮಾರು ಆರು ಸೆಕೆಂಡುಗಳಲ್ಲಿ. ವ್ಯತ್ಯಾಸ ಇಷ್ಟೇ ಏನು ಎನ್ನಬೇಡಿ. ತುಂಬಿದ ತೊಟ್ಟಿ ಬರಿದಾಗಲು ಮೊದಲನೆಯದಕ್ಕೆ 33 ಸೆಕೆಂಡು ಬೇಕು, ಎರಡನೆಯದಕ್ಕೆ ಹನ್ನೆರಡೂವರೆ. ಅಷ್ಟರಲ್ಲಿ ಹಕ್ಕಿ ಮತ್ತೊಮ್ಮೆ ಎರಗಿದರೆ ನಿಧಾನವಾದ ಕಾರ್ಡಿನವನು ಸೆಕೆಂಡಿಗೆ ಒಂದು ಚಿತ್ರವನ್ನಷ್ಟೇ ತೆಗೆಯಬಲ್ಲನು. ಎಂದರೆ, ಕಾರ್ಡಿನ ವೇಗದ ಬೆಲೆ ತಿಳಿಯುವುದು ಮೊದಲ ಅವಕಾಶದಲ್ಲಲ್ಲ, ಎರಡನೆಯದರಲ್ಲಿ.

ಹುಸಿ ಕಾರ್ಡುಗಳು

ನಿಯಂತ್ರಕವು ಹೇಳಿದುದನ್ನು ಕ್ಯಾಮರಾ ನಂಬುತ್ತದೆ. ಇದನ್ನು ಅರಿತ ಮೋಸಗಾರರು 16 ಗಿಗಾಬೈಟಿನ ಸ್ಮೃತಿಯ ಮುಂದೆ ‘ನನ್ನಲ್ಲಿ 128 ಇದೆ’ ಎಂದು ಸುಳ್ಳು ಹೇಳುವ ನಿಯಂತ್ರಕವನ್ನು ಇರಿಸಿ, ಹೆಸರಾಂತ ಸಂಸ್ಥೆಯ ಮುದ್ರೆಯನ್ನು ಒತ್ತಿ, ಅರ್ಧಬೆಲೆಗೆ ಮಾರುತ್ತಾರೆ. ಮೊದಲ 16 ಗಿಗಾಬೈಟು ತುಂಬುವವರೆಗೆ ಎಲ್ಲವೂ ನೆಟ್ಟಗಿರುತ್ತದೆ. ಅನಂತರ ಬಂದ ಚಿತ್ರಗಳು ಎಲ್ಲಿಯೂ ಬರೆಯಲ್ಪಡುವುದಿಲ್ಲ, ಇಲ್ಲವೆ ಹಳೆಯವುಗಳ ಮೇಲೆ ಬೀಳುತ್ತವೆ. ಪಟ್ಟಿಯಲ್ಲಿ ಹೆಸರುಗಳು ಮಾತ್ರ ಇರುತ್ತವೆ. ನಮ್ಮ ಕಾಲೇಜಿನ ಇತಿಹಾಸ ವಿದ್ಯಾರ್ಥಿಗಳು ಒಮ್ಮೆ ನಾಲ್ಕು ದಿನ ಹಂಪೆಯಲ್ಲಿ ಸುತ್ತಿ ತೆಗೆದ ಚಿತ್ರಗಳಲ್ಲಿ ಮೊದಲನೆಯ ದಿನದವು ಮಾತ್ರ ತೆರೆದುವು. ಉಳಿದುವು ಬರಿಯ ಬೂದು ಚೌಕಗಳು. ಕಾರ್ಡಿನಲ್ಲಿ ಉಳಿತಾಯವಾದುದು ಮುನ್ನೂರು ರೂಪಾಯಿ. ಹೋದುದು ಮೂರು ದಿನಗಳ ದುಡಿಮೆ.

ಇದಕ್ಕೆ ಪರಿಹಾರ ಸರಳ. ನಂಬಿಕೆಯುಳ್ಳ ವರ್ತಕರಿಂದ ರಸೀತಿಯೊಡನೆ ಕೊಳ್ಳಬೇಕು. ಕೊಂಡೊಡನೆ ಕಾರ್ಡನ್ನು ಕಂಪ್ಯೂಟರಿನಿಂದ ಪೂರ್ತಿಯಾಗಿ ತುಂಬಿ, ಬರೆದುದೆಲ್ಲವನ್ನೂ ಹಿಂದಕ್ಕೆ ಓದಿ ತಾಳೆನೋಡಬೇಕು. ಈ ಕೆಲಸವನ್ನು ಮಾಡುವ ‘ಎಫ್3’ ಮುಂತಾದ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಕೆಲವು ಗಂಟೆಗಳು ಹಿಡಿದರೂ ಚಿಂತೆಯಿಲ್ಲ. ಪ್ರವಾಸಕ್ಕೆ ಹೊರಡುವ ಮುನ್ನ ಆಗಬೇಕಾದ ಪರೀಕ್ಷೆಯಿದು.

ಕಾಪಾಡುವ ಬಗೆ

ಸೆರೆಯಲ್ಲಿರುವ ಎಲೆಕ್ಟ್ರಾನುಗಳು ನಿಧಾನವಾಗಿ ಸೋರುತ್ತವೆ. ತಾಪ ಏರಿದಷ್ಟೂ ಬೇಗ ಸೋರುತ್ತವೆ. ಆದುದರಿಂದ ರಾಯಚೂರು ಕಲಬುರಗಿಗಳ ಬೇಸಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಕಾರ್ಡನ್ನು ಬಿಟ್ಟುಹೋಗುವುದು ಸಲ್ಲದು. ಅಯಸ್ಕಾಂತದಿಂದ ಅಪಾಯವಿಲ್ಲ, ಇದು ಕಾಂತೀಯ ಬರೆಹವೇ ಅಲ್ಲ. ವಿಮಾನ ನಿಲ್ದಾಣದ ತಪಾಸಣೆಯ ಕ್ಷಕಿರಣಗಳಿಂದಲೂ ಭಯಪಡಬೇಕಾಗಿಲ್ಲ. ಬರೆಯುವ ದೀಪ ಮಿನುಗುತ್ತಿರುವಾಗ ಕಾರ್ಡನ್ನು ಕೀಳುವುದು ಮಾತ್ರ ನಿಜವಾದ ಅಪಾಯ. ಚಿತ್ರಗಳ ಪಟ್ಟಿಯೇ ಅರ್ಧದಲ್ಲಿ ಕೆಟ್ಟೀತು. ಹೊಸ ಕಾರ್ಡನ್ನು ಅದೇ ಕ್ಯಾಮರಾದಲ್ಲಿ ಫಾರ್ಮ್ಯಾಟ್ ಮಾಡಿ ಬಳಸಬೇಕು. ಚಿತ್ರವೊಂದನ್ನು ಆಕಸ್ಮಿಕವಾಗಿ ಅಳಿಸಿದರೆ ಆ ಕಾರ್ಡಿನಲ್ಲಿ ಮುಂದೆ ಒಂದು ಚಿತ್ರವನ್ನೂ ತೆಗೆಯಬಾರದು. ಅಳಿಸಿದಾಗ ಹೋಗುವುದು ಸಾಮಾನ್ಯವಾಗಿ ಪಟ್ಟಿಯ ಹೆಸರಷ್ಟೆ. ಬೇರೊಂದು ಬರೆಹ ಅಲ್ಲಿ ಬೀಳುವವರೆಗೆ ಚಿತ್ರವನ್ನು ತಂತ್ರಾಂಶದಿಂದ ಮರಳಿ ಪಡೆಯುವ ಆಸೆಯಿದೆ.

ಮೇಲಿನದನ್ನೆಲ್ಲ ಹೀಗೆ ಸಂಗ್ರಹಿಸಬಹುದು. ಕ್ಯಾಮರಾ ಒಪ್ಪುವ ಪಂಗಡವನ್ನು ಮೊದಲು ತಿಳಿಯಿರಿ; ಬೇಕಾದ ಬರೆಹದ ವೇಗವನ್ನು ಲೆಕ್ಕಹಾಕಿರಿ; ಅದಕ್ಕೆ ಒಂದು ಮೆಟ್ಟಲು ಮೇಲಿನ ಚಿಹ್ನೆಯುಳ್ಳ ಅಸಲಿ ಕಾರ್ಡನ್ನು ಕೊಳ್ಳಿರಿ; ಅದಕ್ಕಿಂತ ಹೆಚ್ಚಿನ ವೇಗಕ್ಕೆ ಹಣ ಸುರಿಯಬೇಡಿ. 128ರ ಒಂದು ಕಾರ್ಡಿಗಿಂತ 64ರ ಎರಡು ಲೇಸು. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಮನೆಗೆ ಬಂದ ದಿನವೇ ಚಿತ್ರಗಳನ್ನು ಎರಡು ಬೇರೆಬೇರೆ ಕಡೆಗಳಲ್ಲಿ ನಕಲುಮಾಡಿ ಇಟ್ಟು, ಅನಂತರವೇ ಕಾರ್ಡನ್ನು ಬರಿದುಮಾಡಿರಿ. ಎಂಟು ಮಟ್ಟಗಳ ಕೋಶದಲ್ಲಿ ಒಂದು ಮಟ್ಟಕ್ಕೂ ಮುಂದಿನದಕ್ಕೂ ಇರುವ ಅಂತರ ಕೆಲವು ಹತ್ತು ಎಲೆಕ್ಟ್ರಾನುಗಳದು. ಮದುವೆಯ ಮನೆಯ ನಗು, ಅಜ್ಜಿಯ ಮುಖ, ಅಧ್ಯಯನಕ್ಕಾಗಿ ತೆಗೆದ ಶಾಸನದ ಸಾಲು, ಎಲ್ಲವೂ ಆ ಎಲೆಕ್ಟ್ರಾನುಗಳ ಲೆಕ್ಕದ ಮೇಲೆಯೇ ನಿಂತಿವೆ. ಮೆಮೊರಿ ಕಾರ್ಡು ಚಿತ್ರಗಳನ್ನು ಹೊತ್ತು ತರುವ ಬುಟ್ಟಿ. ಅವುಗಳನ್ನು ಬಹುಕಾಲ ಕೂಡಿಡುವ ಕಣಜವಲ್ಲ.